ಗ್ರಾಫೈಟ್ ಕಡ್ಡಿ ಆಸಿಡ್‌ನಲ್ಲಿ ಸವೆಯುತ್ತಾ? ನನ್ನ ಸೆಲ್‌ನ ದ್ರಾವಣ ಕಂದು ಬಣ್ಣಕ್ಕೆ ತಿರುಗಿದೆ

ಪಾಷಾಣದ ಪೋರಿ (ಪುಣೆ)
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಲ್ಯಾಬ್‌ನಲ್ಲಿ ದಿನವಿಡೀ ಮರಾಠಿ, ಹಿಂದಿ. ಕನ್ನಡದಲ್ಲಿ ತಲೆ ಕೆಡಿಸಿಕೊಳ್ಳೋಣ ಅಂತ ಇಲ್ಲಿಗೆ ಬಂದೆ.

ಕೆಲಸ ಇಷ್ಟೇ. ಮಾಲಿಬ್ಡಿನಮ್ ಡೈಸಲ್ಫೈಡ್ ಪುಡಿಯನ್ನು ಗ್ಲಾಸಿ ಕಾರ್ಬನ್ (ಗಾಜಿನಂಥ ಗಟ್ಟಿ ಇಂಗಾಲ) ಡಿಸ್ಕ್ ಮೇಲೆ ಹಚ್ಚಿ, 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಹೈಡ್ರೋಜನ್ ಬಿಡಿಸುವುದು. ಕೌಂಟರ್ ಎಲೆಕ್ಟ್ರೋಡ್‌ಗೆ (ಡಿಸ್ಕ್‌ಗೆ ಎದುರಾಗಿ ಕೂತು ಕರೆಂಟಿನ ಸುತ್ತು ಪೂರ್ತಿ ಮಾಡುವುದು, ಇಲ್ಲಿ ಅದೇ ಆನೋಡ್) ಪ್ಲಾಟಿನಮ್ ಬೇಡ, ಅದು ಕರಗಿ ಬಂದು ನಿನ್ನ ಕ್ಯಾಟಲಿಸ್ಟ್ ಮೇಲೆ ಕೂತರೆ ಸುಳ್ಳು ರಿಸಲ್ಟ್ ಬರುತ್ತದೆ ಅಂತ ಗೈಡ್ ಹೇಳಿದರು. ಸರಿ ಅಂತ ಹಳೇ ಟಾರ್ಚ್ ಸೆಲ್ ಒಡೆದು, ಒಳಗಿನ ಕಪ್ಪು ಕಡ್ಡಿ ತೆಗೆದು ಹಾಕಿದೆ. ರಾತ್ರಿಯಿಡೀ 20 ಮಿಲಿಆಂಪ್‌ನಲ್ಲಿ ಓಡಿತು. ಬೆಳಿಗ್ಗೆ ನೋಡಿದರೆ ಆಸಿಡ್ ತಿಳಿ ಕಂದು, ಬೀಕರ್ ತಳದಲ್ಲಿ ಕಪ್ಪು ಹುಡಿ. ಕಡ್ಡಿಯನ್ನು ಬೆರಳಿನಿಂದ ಒರೆಸಿದರೆ ಮೇಲ್ಪದರ ಮೆತ್ತಗಾಗಿ ಕೈಗೇ ಹತ್ತಿಕೊಳ್ಳುತ್ತದೆ.

ಪಿಯುಸಿಯಿಂದ ಇಲ್ಲಿಯವರೆಗೂ ಗ್ರಾಫೈಟ್ ಅಂದರೆ ಜಡ ಎಲೆಕ್ಟ್ರೋಡ್ ಅಂತಲೇ ಓದಿದ್ದೇವೆ ಅಲ್ವಾ? ಇನ್ನೊಂದು ವಿಷಯ. ಅದೇ ಕರೆಂಟ್‌ಗೆ ನನ್ನ ಡಿಸ್ಕ್ ಕೇಳುವ ವೋಲ್ಟೇಜ್ ಬೆಳಿಗ್ಗೆ ಹೊತ್ತಿಗೆ ಸ್ವಲ್ಪ ಇಳಿದಿದೆ. ಖುಷಿ ಪಡಲೋ, ಅನುಮಾನ ಪಡಲೋ?

ಭೋಸರಿ ಬಸಣ್ಣ
ಟಾರ್ಚ್ ಸೆಲ್ ಕಡ್ಡಿನಾ! ಮೊದಲು ಅದನ್ನು ಎತ್ತಿಡಮ್ಮ. ಅದು ಗಟ್ಟಿ ಗ್ರಾಫೈಟ್ ತುಂಡಲ್ಲ. ಇಂಗಾಲದ ಪುಡಿಯನ್ನು ಪಿಚ್ ಜೊತೆ ಕಲಸಿ, ಒತ್ತಿ, ಸುಟ್ಟು ಮಾಡಿದ್ದು. ಮೇಲೆ ಮೇಣ ಬೇರೆ ಕುಡಿಸಿರುತ್ತಾರೆ. ಅದರಲ್ಲೂ ಬಳಸಿದ ಸೆಲ್ ಅಂದರೆ ರಂಧ್ರಗಳಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್, ಝಿಂಕ್ ಕ್ಲೋರೈಡ್ ಎಲ್ಲ ಕೂತಿರುತ್ತದೆ. ಅದೆಲ್ಲ ನಿನ್ನ ಆಸಿಡ್‌ಗೆ ಬಿಟ್ಟುಕೊಳ್ಳುತ್ತದೆ.

ನಮ್ಮದು ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಪ್ಲೇಟಿಂಗ್ ಶಾಪ್. ಟ್ರೈವೇಲೆಂಟ್ ಕ್ರೋಮ್ ಬಾತ್‌ನಲ್ಲಿ (ಕ್ರೋಮ್ ಲೇಪಿಸುವ ತೊಟ್ಟಿ, ದ್ರಾವಣದಲ್ಲಿ ಕ್ಲೋರೈಡ್ ಇದೆ) ಗ್ರಾಫೈಟ್ ಹಲಗೆಗಳೇ ಆನೋಡ್. ಸವೆಯುವುದಿಲ್ಲ ಅಂತ ಯಾರು ಹೇಳಿದ್ದು ನೋಡ್ರಿ, ಜಾಬ್‌ಗೆ (ಲೇಪನ ಮಾಡುವ ವಸ್ತು) ಎದುರಾಗಿರುವ ಮುಖವೇ ಮೊದಲು ತೆಳ್ಳಗಾಗುತ್ತದೆ, ಹಿಂಬದಿ ಹೊಸದರ ಹಾಗೇ ಇರುತ್ತದೆ. ಫಿಲ್ಟರ್ ಬಿಚ್ಚಿದರೆ ಕೈಯೆಲ್ಲ ಮಸಿ.

ಹಿಂಜವಡಿ ಹೈಡ್ರೋಜನ್
ಬಸಣ್ಣ ಹೇಳಿದ್ದು ಸರಿ, ಆದರೆ ಅತ್ಯಂತ ಶುದ್ಧ ಗ್ರಾಫೈಟ್ ಹಾಕಿದರೂ ಕಥೆ ಪೂರ್ತಿ ಬದಲಾಗುವುದಿಲ್ಲ. ಇಂಗಾಲ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಒಂದು ಇಂಗಾಲ, ಎರಡು ನೀರು. ಹೊರಗೆ ಬರುವುದು ಒಂದು ಕಾರ್ಬನ್ ಡೈಆಕ್ಸೈಡ್, ನಾಲ್ಕು ಪ್ರೋಟಾನ್, ನಾಲ್ಕು ಎಲೆಕ್ಟ್ರಾನ್. ಇದರ ಸ್ಟ್ಯಾಂಡರ್ಡ್ ಪೊಟೆನ್ಶಿಯಲ್ (ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆ ಅಂತ ಹಿಡಿದು ಅಳೆದ ವೋಲ್ಟೇಜ್) ಬರೀ 0.207 ವೋಲ್ಟ್. ಅಂದರೆ 0.2 ವೋಲ್ಟ್ ದಾಟಿದರೆ ಲೆಕ್ಕದ ಪ್ರಕಾರ ಇಂಗಾಲ ಸುಡಲೇಬೇಕು. ನೀರು ಒಡೆದು ಆಮ್ಲಜನಕ ಬರಲು 1.23 ವೋಲ್ಟ್ ಬೇಕು, ಅದರ ಎಷ್ಟೋ ಕೆಳಗೇ ಇಂಗಾಲದ ಸರದಿ ಬರುತ್ತದೆ.

ಸುಮ್ನೆ ಕೇಳ್ತೀನಿ
ಹಾಗಿದ್ದರೆ ಜಗತ್ತಿನ ಎಲ್ಲ ಕಾರ್ಬನ್ ಎಲೆಕ್ಟ್ರೋಡ್ ಇಷ್ಟೊತ್ತಿಗೆ ಗಾಳಿಗೆ ಹೋಗಬೇಕಿತ್ತಲ್ಲ ಗುರುವೇ? ಫ್ಯೂಯೆಲ್ ಸೆಲ್ (ಹೈಡ್ರೋಜನ್ ಮತ್ತು ಗಾಳಿಯಿಂದ ಕರೆಂಟ್ ಮಾಡುವ ಸೆಲ್) ಕ್ಯಾಥೋಡ್ 0.6, 0.7 ವೋಲ್ಟ್‌ನಲ್ಲೇ ಓಡುತ್ತದೆ. ಅದರೊಳಗೂ ಕಾರ್ಬನ್ನೇ ಇದೆ.

ಹಿಂಜವಡಿ ಹೈಡ್ರೋಜನ್
ಒಳ್ಳೇ ಪ್ರಶ್ನೆ. ಸುಡಲು ಅನುಮತಿ ಇದೆ, ಆದರೆ ಅವಸರ ಇಲ್ಲ. ಈ ಕ್ರಿಯೆ ವಿಪರೀತ ನಿಧಾನ. ಕೋಣೆಯ ತಾಪದಲ್ಲಿ, ಕಡಿಮೆ ಪೊಟೆನ್ಶಿಯಲ್‌ನಲ್ಲಿ ವರ್ಷಗಟ್ಟಲೆ ಇಟ್ಟರೂ ಕಣ್ಣಿಗೆ ಕಾಣುವಷ್ಟು ಹೋಗುವುದಿಲ್ಲ. ಅದನ್ನೇ ಪುಸ್ತಕದವರು ಜಡ ಅಂತ ಬರೆದುಬಿಟ್ಟರು.

ಅವಸರ ಹುಟ್ಟಿಸುವುದು ಮೂರು-ನಾಲ್ಕು ಸಂಗತಿ. ಪೊಟೆನ್ಶಿಯಲ್ ಏರಿಸಿ, ಬಿಸಿ ಮಾಡಿ, ಪ್ಲಾಟಿನಮ್ ಸೇರಿಸಿ, ಮೇಲ್ಮೈ ವಿಸ್ತೀರ್ಣ ಹೆಚ್ಚಿಸಿ. ವಲ್ಕನ್ ಎಕ್ಸ್‌ಸಿ-72 ಅಂತ ಕಾರ್ಬನ್ ಬ್ಲ್ಯಾಕ್ ಇದೆ, ಒಂದು ಗ್ರಾಂಗೆ ಸುಮಾರು 250 ಚದರ ಮೀಟರ್ ಮೇಲ್ಮೈ. ಅದು ಗ್ಲಾಸಿ ಕಾರ್ಬನ್‌ಗಿಂತ ಎಷ್ಟೋ ಬೇಗ ತಿನ್ನಿಸಿಕೊಳ್ಳುತ್ತದೆ. ಗ್ರಾಫೈಟ್‌ನ ಪದರದ ಮುಖ ಗಟ್ಟಿ. ಏಟು ಬೀಳುವುದು ಅಂಚುಗಳಿಗೆ, ದೋಷ ಇರುವ ಕಡೆಗಳಿಗೆ. ಮೊದಲು ಅಲ್ಲಿ ಆಮ್ಲಜನಕ ಅಂಟಿಕೊಂಡು ಕ್ವಿನೋನ್ ತರಹದ ಗುಂಪುಗಳು ಹುಟ್ಟುತ್ತವೆ, ಆಮೇಲೆ ಅಲ್ಲಿಂದಲೇ ಇಂಗಾಲ ಕಿತ್ತುಕೊಂಡು ಹೋಗುತ್ತದೆ. ಆಸಿಡ್‌ನಲ್ಲಿ ಸೈಕ್ಲಿಕ್ ವೋಲ್ಟಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆಯುವುದು) ತೆಗೆದರೆ 0.6 ವೋಲ್ಟ್ ಆಸುಪಾಸಿನಲ್ಲಿ ಸಣ್ಣ ಉಬ್ಬು ಕಾಣುತ್ತದೆ ನೋಡಿ, ಅದು ಈ ಗುಂಪುಗಳದ್ದೇ. ಹಳೇ ಎಲೆಕ್ಟ್ರೋಡ್‌ನಲ್ಲಿ ಉಬ್ಬು ದಿನೇ ದಿನೇ ದೊಡ್ಡದಾಗುತ್ತಿದ್ದರೆ ಕೊರೋಶನ್ ಶುರುವಾಗಿದೆ ಅಂತಲೇ ಲೆಕ್ಕ.

ಹಾಗಾಗಿ ಇಂಗಾಲ ಸವೆಯುತ್ತಾ ಅಂತ ಮಾತ್ರ ಕೇಳಿದರೆ ಉತ್ತರ ಹೇಳಲು ಆಗುವುದಿಲ್ಲ. ಎಷ್ಟು ಪೊಟೆನ್ಶಿಯಲ್‌ನಲ್ಲಿ ಅಂತ ಕೇಳಬೇಕು. @ಪೋರಿ, ನಿನ್ನ ಕಡ್ಡಿ ಎಷ್ಟು ವೋಲ್ಟ್‌ನಲ್ಲಿ ಕೂತಿತ್ತು? ವರ್ಕಿಂಗ್ ಎಲೆಕ್ಟ್ರೋಡ್‌ದಲ್ಲ (ಅದು ನಿನ್ನ ಡಿಸ್ಕ್), ಕೌಂಟರ್‌ದು.

ಕ್ಲೋರಿನ್ ಅಜ್ಜ (ಠಾಣೆ)
ನಮ್ಮ ಕಾಲದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಗಳಲ್ಲಿ ಆನೋಡ್ ಎಂದರೆ ಗ್ರಾಫೈಟೇ. ಉಪ್ಪುನೀರಿನಿಂದ ಒಂದು ಟನ್ ಕ್ಲೋರಿನ್ ತೆಗೆಯಲು ಎರಡು ಮೂರು ಕಿಲೋ ಗ್ರಾಫೈಟ್ ಮಾಯವಾಗುವುದು ಮಾಮೂಲಿ. ಸವೆದ ಹಾಗೆಲ್ಲ ಆನೋಡ್ ಮತ್ತು ಕ್ಯಾಥೋಡ್ ನಡುವಿನ ಅಂತರ ಹೆಚ್ಚುತ್ತದೆ, ಸೆಲ್ ವೋಲ್ಟೇಜ್ ಏರುತ್ತದೆ, ಕರೆಂಟ್ ಬಿಲ್ ಏರುತ್ತದೆ. ಪಾದರಸದ ಸೆಲ್‌ಗಳಲ್ಲಿ ಆನೋಡ್‌ಗಳನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತಾ ಇರಬೇಕಿತ್ತು. ಕ್ಲೋರಿನ್ ಗ್ಯಾಸಿನೊಳಗೆ ಕಾರ್ಬನ್ ಡೈಆಕ್ಸೈಡ್ ಬೆರೆತು ಬರುತ್ತಿತ್ತು. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಂದು ಸೂಕ್ಷ್ಮ ಹೇಳುತ್ತೇನೆ. ಉಪ್ಪುನೀರಿನಲ್ಲಿ ಸಲ್ಫೇಟ್ ಜಾಸ್ತಿಯಾದರೆ ಗ್ರಾಫೈಟ್ ಬೇಗ ಸವೆಯುತ್ತದೆ. ಕ್ಲೋರೈಡ್ ಇದ್ದಾಗ ಕರೆಂಟಿನ ಬಹುಪಾಲು ಕ್ಲೋರಿನ್ ಬಿಡಿಸಲು ಹೋಗುತ್ತದೆ, ಇಂಗಾಲ ಸ್ವಲ್ಪ ಬದುಕಿಕೊಳ್ಳುತ್ತದೆ. ಬರೀ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅಂತಹ ಆಸರೆಯಿಲ್ಲ. ಇರುವುದು ಎರಡೇ ದಾರಿ, ಒಂದೋ ನೀರು ಒಡೆಯಬೇಕು, ಇಲ್ಲವೇ ಇಂಗಾಲವೇ ಸುಡಬೇಕು. ಆ ಹುಡುಗಿಯ ಕಡ್ಡಿಗೆ ಬಸಣ್ಣನ ಹಲಗೆಗಿಂತ ಕೆಟ್ಟ ಗತಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

1960ರ ದಶಕದಲ್ಲಿ ಹೆನ್ರಿ ಬೀರ್ ಎಂಬಾತ ಟೈಟಾನಿಯಂ ಮೇಲೆ ರುಥೇನಿಯಂ ಆಕ್ಸೈಡ್ ಲೇಪಿಸಿದ ಆನೋಡ್ ತಂದ. ಆಮೇಲೆ ಗ್ರಾಫೈಟ್ ಮೆಲ್ಲಗೆ ಮೂಲೆ ಸೇರಿತು. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಅಷ್ಟು ದುಡ್ಡು ಉಳಿಸಿದ ಇನ್ನೊಂದು ಲೇಪನ ನನಗಂತೂ ಹೊಳೆಯುವುದಿಲ್ಲ.

ಡೊಂಬಿವಲಿ ಟೀಚರ್
ಹನ್ನೆರಡನೇ ಕ್ಲಾಸಿಗೆ ಜಡ ಎಲೆಕ್ಟ್ರೋಡ್ ಅಂತ ಬರೆಸುವವಳು ನಾನೇ 😄 ಬರೆಸದಿದ್ದರೆ ಮಕ್ಕಳಿಗೆ ಮಾರ್ಕ್ಸ್ ಹೋಗುತ್ತದೆ, ಏನು ಮಾಡಲಿ. ಆದರೆ ಬರೆಸಿದ ಮೇಲೆ ಒಂದು ಪ್ರಯೋಗ ತೋರಿಸುತ್ತೇನೆ. ದುರ್ಬಲ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕಾರ್ಬನ್ ಆನೋಡ್ ಹಾಕಿ, ಅದರ ಮೇಲೆ ಬರುವ ಗ್ಯಾಸನ್ನು ನೀರಿನೊಳಗೆ ತೊಳೆದು ಸುಣ್ಣದ ತಿಳಿನೀರಿಗೆ ಬಿಡುವುದು. ಬರೀ ಆಮ್ಲಜನಕವಾಗಿದ್ದರೆ ತಿಳಿನೀರು ತಿಳಿಯಾಗಿಯೇ ಇರಬೇಕು. ಸ್ವಲ್ಪ ಹೊತ್ತಿಗೆ ಬೆಳ್ಳಗಾಗುತ್ತದೆ. ತೊಳೆಯುವುದನ್ನು ಬಿಡಬೇಡಿ, ಆಸಿಡ್ ಹನಿಗಳು ನೇರವಾಗಿ ಸುಣ್ಣದ ನೀರಿಗೆ ಹೋದರೆ ಅದರ ಸುಣ್ಣವನ್ನೇ ತಿಂದುಬಿಡುತ್ತವೆ. ಬಸಣ್ಣನವರ ಬಾತ್‌ನಂತೆ ಕ್ಲೋರೈಡ್ ಇದ್ದಲ್ಲಿ ಇದನ್ನು ಮಾಡಲೇಬೇಡಿ, ಕ್ಲೋರಿನ್ ಬರುತ್ತದೆ.

ಭೋಸರಿ ಬಸಣ್ಣ
ಟೀಚರಮ್ಮ, ಹಾಗಾದರೆ ನನ್ನದೊಂದು ಅನುಮಾನ. ಪಕ್ಕದ ಶಾಪ್‌ನವರು ಅಲ್ಯೂಮಿನಿಯಂ ಆನೋಡೈಸಿಂಗ್ ಮಾಡುತ್ತಾರೆ. ಅದೂ ಸಲ್ಫ್ಯೂರಿಕ್ ಆಸಿಡ್ಡೇ, ಇದಕ್ಕಿಂತ ಗಟ್ಟಿ. ಅಲ್ಲಿ ಕಾರ್ಬನ್ ಪಟ್ಟಿಗಳು ವರ್ಷಗಳಿಂದ ನೇತಾಡುತ್ತಿವೆ, ಏನೂ ಆಗಿಲ್ಲ. ಅದೇಕೆ?

ಡೊಂಬಿವಲಿ ಟೀಚರ್
ಅಲ್ಲಿ ಕಾರ್ಬನ್ ಕ್ಯಾಥೋಡ್ ಅಲ್ವಾ? ಆನೋಡ್ ಆಗಿರುವುದು ಅಲ್ಯೂಮಿನಿಯಂ ಜಾಬ್. ಕಾರ್ಬನ್ ಮೇಲೆ ಹೈಡ್ರೋಜನ್ ಬರುತ್ತಿರುತ್ತದೆ, ಅದರ ಪೊಟೆನ್ಶಿಯಲ್ ಸೊನ್ನೆಗಿಂತ ಕೆಳಗೆ. 0.2 ವೋಲ್ಟ್ ಹತ್ತಿರಕ್ಕೂ ಬರದೆ ಸುಡುವುದೆಲ್ಲಿಂದ.

ಹಿಂಜವಡಿ ಹೈಡ್ರೋಜನ್
ಇದಕ್ಕೊಂದು ಬಾಲಂಗೋಚಿ. ಪವರ್ ಹೋದಾಗ ಆ ಜಾಬ್‌ಗಳನ್ನು ಆಸಿಡ್‌ನಲ್ಲೇ ಬಿಡಬೇಡಿ ಅಂತ ಪಕ್ಕದವರಿಗೆ ಹೇಳಿ. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದೇ ಆಸಿಡ್‌ನಲ್ಲಿ, ಹೊರಗಿನಿಂದ ತಂತಿಯ ಸಂಪರ್ಕದಲ್ಲಿ ಇವೆ. ಅದೇ ಒಂದು ಬ್ಯಾಟರಿ ಆಯಿತು. ರೆಕ್ಟಿಫೈಯರ್‌ನ ಡಯೋಡ್‌ಗಳು ಆ ದಿಕ್ಕಿನ ಕರೆಂಟನ್ನು ತಡೆಯುವುದೂ ಇಲ್ಲ. ಸವೆಯುವುದು ಅಲ್ಯೂಮಿನಿಯಂ, ಕಾರ್ಬನ್ ಅಲ್ಲ.

ವಾಸ್ಕೋ ವಾಸಿ
ಕಾರ್ಬನ್ ಪಕ್ಕದವರನ್ನು ಕೆಡಿಸುವ ವಿಷಯ ಬಂತಲ್ಲ, ನಾವು ಬೋಟ್ ರಿಪೇರಿಯವರು. ಇಲ್ಲಿ ಗೋವಾದ ಉಪ್ಪುಗಾಳಿಯಲ್ಲಿ ಬೋಲ್ಟ್‌ಗೆ ಗ್ರಾಫೈಟ್ ಗ್ರೀಸ್ ಹಚ್ಚಿದರೆ ಅಲ್ಯೂಮಿನಿಯಂ ಭಾಗಗಳು ಪುಡಿ ಪುಡಿ. ಕಾರ್ಬನ್ ಫೈಬರ್ ಕೂಡ ಹಾಗೇ, ನಡುವೆ ಗ್ಲಾಸ್ ಫೈಬರ್ ಪದರ ಇಡಲೇಬೇಕು.

ಸುಮ್ನೆ ಕೇಳ್ತೀನಿ
ಸಮುದ್ರದ ನೀರು ಆಸಿಡ್ ಅಲ್ಲ ಸ್ವಾಮಿ. ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಅಲ್ಲಿಗೆ ಬರುತ್ತೇನೆ.

ಪಾಷಾಣದ ಪೋರಿ
ಅಯ್ಯೋ, ಎಷ್ಟೊಂದು ಉತ್ತರ! ಥ್ಯಾಂಕ್ಸ್. ಮಲ್ಟಿಮೀಟರ್ ಹಿಡಿದು ಕೌಂಟರ್ ಕಡ್ಡಿಯನ್ನು ನನ್ನ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ (ಹೋಲಿಸಿ ಅಳೆಯಲು ಇಡುವ, ವೋಲ್ಟೇಜ್ ಬದಲಾಗದ ಎಲೆಕ್ಟ್ರೋಡ್) ಜೊತೆ ಅಳೆದೆ. ಕರೆಂಟ್ ಓಡುವಾಗ ಸುಮಾರು 1.8 ವೋಲ್ಟ್ ತೋರಿಸುತ್ತದೆ. ಸೆಲ್ ಓಡಿಸುವ ಯಂತ್ರ ಪೊಟೆನ್ಶಿಯೋಸ್ಟಾಟ್‌ನ ಸ್ಕ್ರೀನಿನಲ್ಲಿ ಇದು ಕಾಣುವುದೇ ಇಲ್ಲ, ಅಲ್ಲಿ ಬರೀ ವರ್ಕಿಂಗ್ ಎಲೆಕ್ಟ್ರೋಡ್ ಲೆಕ್ಕ.

ಇನ್ನೊಂದು. ಕಡ್ಡಿ ಹಿಡಿದಿದ್ದ ಮೊಸಳೆ ಕ್ಲಿಪ್ ಹಸಿರು ನೀಲಿಯಾಗಿದೆ. ಅದು ಆಸಿಡ್ ಮಟ್ಟಕ್ಕಿಂತ ಎರಡು ಬೆರಳು ಮೇಲಿತ್ತು, ಮುಳುಗಿರಲಿಲ್ಲ.

ಪವಾಯಿ ಪಕ್ಕದವಳು (ಮುಂಬಯಿ)
ಕ್ಲಿಪ್ ಹಸಿರಾಯಿತು ಅಂದೆಯಲ್ಲ, ಅದೇ ದೊಡ್ಡ ಸುದ್ದಿ. ಆ ಕಡ್ಡಿ ತುಂಬಾ ರಂಧ್ರಗಳು. ಮೇಣ ಹೋದ ಮೇಲೆ ಆಸಿಡ್ ಒಳಗಿಂದೊಳಗೇ ಮೇಲೇರಿ ಕ್ಲಿಪ್ ಮುಟ್ಟಿದೆ. ಕ್ಲಿಪ್‌ನಲ್ಲಿ ತಾಮ್ರ ಇದೆ, ಅದು ಆನೋಡ್ ಕಡೆಯದ್ದು, ಹಾಗಾಗಿ ಸಲೀಸಾಗಿ ಕರಗುತ್ತದೆ. ಕರಗಿದ ತಾಮ್ರ ಎಲ್ಲಿಗೆ ಹೋಗುತ್ತದೆ? ನೇರ ನಿನ್ನ ಡಿಸ್ಕ್ ಮೇಲೆ ಹೋಗಿ ಲೋಹವಾಗಿ ಕೂರುತ್ತದೆ. ಡಿಸ್ಕನ್ನು ಲೆನ್ಸ್ ಕೆಳಗೆ ನೋಡು, ಕೆಂಪು ಛಾಯೆ ಇದೆಯಾ ಅಂತ.

ವೋಲ್ಟೇಜ್ ಇಳಿದದ್ದಕ್ಕೆ ತಾಮ್ರವೇ ಕಾರಣ ಅಂತ ನಾನು ಹೇಳುವುದಿಲ್ಲ, ಹೈಡ್ರೋಜನ್ ಬಿಡಿಸುವುದರಲ್ಲಿ ಅದು ಅಂಥ ಜಾಣ ಲೋಹವಲ್ಲ. ಮಾಲಿಬ್ಡಿನಮ್ ಸಲ್ಫೈಡ್ ಓಡುತ್ತಾ ಓಡುತ್ತಾ ತಾನೇ ಚುರುಕಾಗುವುದೂ ಉಂಟು. ಆದರೆ ತಾಮ್ರ, ಮ್ಯಾಂಗನೀಸ್, ಇಂಗಾಲದ ಹುಡಿ ಎಲ್ಲ ಬೆರೆತ ಆಸಿಡ್‌ನಲ್ಲಿ ಬಂದ ಸಂಖ್ಯೆಯನ್ನು ಪೇಪರ್‌ಗೆ ಹಾಕಬೇಡ.

1.8ಕ್ಕೆ 0.2 ಸೇರಿಸು, ಸ್ಟ್ಯಾಂಡರ್ಡ್ ಹೈಡ್ರೋಜನ್ ಲೆಕ್ಕಕ್ಕೆ ಹತ್ತಿರ ಹತ್ತಿರ 2 ವೋಲ್ಟ್. ಅಲ್ಲಿ ಯಾವ ಗ್ರಾಫೈಟೂ ಸುಮ್ನೆ ಕೂರುವುದಿಲ್ಲ. ಪಿಚ್‌ನಿಂದ ಬಂದ ಬೈಂಡರ್ ಇಂಗಾಲ ಅಷ್ಟು ಕ್ರಮಬದ್ಧ ಅಲ್ಲ, ಅದು ಮೊದಲು ಸುಡುತ್ತದೆ. ಬೈಂಡರ್ ಹೋದ ಮೇಲೆ ಗ್ರಾಫೈಟ್ ಕಾಳುಗಳು ಹಾಗೇ ಉದುರುತ್ತವೆ. ಗಾರೆ ಕರಗಿದ ಗೋಡೆಯಿಂದ ಇಟ್ಟಿಗೆ ಬೀಳುವ ಹಾಗೆ. ತಳದ ಕಪ್ಪು ಹುಡಿ ಅದೇ. ಜೊತೆಗೆ ಸಲ್ಫೇಟ್ ಅಯಾನುಗಳು ಪದರಗಳ ನಡುವೆ ನುಗ್ಗಿ ಅಗಲಿಸುತ್ತವೆ. ಆಸಿಡ್ ಗಟ್ಟಿಯಾದಷ್ಟೂ ಇದು ಜಾಸ್ತಿ. ಕಂದು ಬಣ್ಣಕ್ಕೆ ಕಾರಣ ಅರ್ಧಂಬರ್ಧ ಆಕ್ಸೈಡ್ ಆದ ಅತಿ ಸಣ್ಣ ಇಂಗಾಲದ ಚೂರುಗಳು, ಅವು ನೀರಿನಲ್ಲಿ ತೇಲಿಕೊಂಡೇ ಇರುತ್ತವೆ. ಫಿಲ್ಟರ್ ಪೇಪರ್‌ನಲ್ಲಿ ನಿಲ್ಲುವುದಿಲ್ಲ.

ಲೆಕ್ಕ ಬೇಕಾ? ಕರೆಂಟ್ ಎಲ್ಲ ಕಾರ್ಬನ್ ಡೈಆಕ್ಸೈಡ್‌ಗೇ ಹೋಯಿತು ಅಂದುಕೋ. ಒಂದು ಆಂಪ್-ಅವರ್‌ಗೆ 0.112 ಗ್ರಾಂ ಇಂಗಾಲ. 20 ಮಿಲಿಆಂಪ್, ಹನ್ನೆರಡು ಗಂಟೆ ಅಂದರೆ ಹೆಚ್ಚೆಂದರೆ 27 ಮಿಲಿಗ್ರಾಂ. ಕಡ್ಡಿಯ ತೂಕ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಉಳಿದದ್ದು ಕಾಳು ಉದುರಿದ್ದು. ತೂಗುವ ಮುಂಚೆ ಚೆನ್ನಾಗಿ ತೊಳೆದು ಒಣಗಿಸು, ರಂಧ್ರದಲ್ಲಿ ಉಳಿದ ಆಸಿಡ್ ತೂಕ ಏರಿಸಿ ಮೋಸ ಮಾಡುತ್ತದೆ.

ಸುಮ್ನೆ ಕೇಳ್ತೀನಿ
ಕರೆಂಟ್ ಕೊಡದೆ ಬರೀ ಆಸಿಡ್‌ನಲ್ಲಿ ಇಟ್ಟರೆ? ಕಾರ್ಖಾನೆಗಳಲ್ಲಿ ಗ್ರಾಫೈಟ್ ಹೀಟ್ ಎಕ್ಸ್‌ಚೇಂಜರ್‌ಗಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹಾಯಾಗಿ ಇರುತ್ತವಲ್ಲ.

ಪವಾಯಿ ಪಕ್ಕದವಳು
ಇರುತ್ತವೆ, ಯಾಕೆಂದರೆ ಹೈಡ್ರೋಕ್ಲೋರಿಕ್ ಆಸಿಡ್ ಇಂಗಾಲದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದಿಲ್ಲ. ಅದೇ ಗ್ರಾಫೈಟನ್ನು ಬಿಸಿ ಗಟ್ಟಿ ನೈಟ್ರಿಕ್ ಆಸಿಡ್‌ಗೋ ಕ್ರೋಮಿಕ್ ಆಸಿಡ್‌ಗೋ ಹಾಕಿ ನೋಡಿ. ತಂತಿ ಬೇಕಾಗಿಲ್ಲ, ದ್ರಾವಣವೇ ಪೊಟೆನ್ಶಿಯಲ್ ಏರಿಸುತ್ತದೆ.

ನಾನು ಕೆಲಸ ಮಾಡುವುದು ವನೇಡಿಯಂ ಫ್ಲೋ ಬ್ಯಾಟರಿ (ಹರಿಯುವ ವನೇಡಿಯಂ ದ್ರಾವಣದಲ್ಲಿ ಚಾರ್ಜ್ ಕೂಡಿಡುವ ಬ್ಯಾಟರಿ) ಮೇಲೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕೈಲಾಸ್-ಕಜಾಕೋಸ್ ಮತ್ತು ತಂಡ ಬೆಳೆಸಿದ್ದು. ಇದರ ಪಾಸಿಟಿವ್ ಕಡೆ ಸಲ್ಫ್ಯೂರಿಕ್ ಆಸಿಡ್, ಐದನೇ ಸ್ಥಿತಿಯ ವನೇಡಿಯಂ, ಸುಮಾರು 1 ವೋಲ್ಟ್, ಮಧ್ಯದಲ್ಲಿ ಗ್ರಾಫೈಟ್ ಫೆಲ್ಟ್ (ಇಂಗಾಲದ ನಾರಿನ ಕಂಬಳಿಯಂಥದ್ದು). ಮಾಮೂಲಿ ಓಟದಲ್ಲಿ ಫೆಲ್ಟ್ ತಾಳಿಕೊಳ್ಳುತ್ತದೆ. ಓವರ್‌ಚಾರ್ಜ್ ಆದರೆ ಮುಗಿಯಿತು. ಐದನೇ ವನೇಡಿಯಂ ಆಗಲು ಏನೂ ಉಳಿದಿರುವುದಿಲ್ಲ, ಕರೆಂಟ್ ಇಂಗಾಲವನ್ನು ಹಿಡಿಯುತ್ತದೆ. ಬೈಪೋಲಾರ್ ಪ್ಲೇಟ್ (ಫೆಲ್ಟ್‌ನ ಹಿಂದಿನ ಕಾರ್ಬನ್ ಹಲಗೆ) ಊದಿಕೊಂಡು ಪದರ ಬಿಡುತ್ತದೆ, ಆಸಿಡ್ ಸೋರಿ ಆಚೆ ಕಡೆಯ ತಾಮ್ರ ಮುಟ್ಟುತ್ತದೆ. ನಿನ್ನ ಕ್ಲಿಪ್ ಕಥೆಯೇ, ಸ್ವಲ್ಪ ದುಬಾರಿ ಅಷ್ಟೆ.

ತಮಾಷೆ ಏನೆಂದರೆ ಹೊಸ ಫೆಲ್ಟನ್ನು ನಾವೇ ಸುಮಾರು 400 ಡಿಗ್ರಿಯಲ್ಲಿ ಗಾಳಿಯಲ್ಲಿ ಬೇಯಿಸುತ್ತೇವೆ. ಮೇಲ್ಮೈಗೆ ಆಮ್ಲಜನಕದ ಗುಂಪುಗಳು ಹತ್ತಿದರೆ ವನೇಡಿಯಂ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಗುಂಪುಗಳಿಂದಲೇ ಕೊರೋಶನ್ನೂ ಶುರುವಾಗುವುದು. ಎಷ್ಟು ಬೇಯಿಸಬೇಕು ಅನ್ನುವುದರ ಮೇಲೆ ನಮ್ಮ ಲ್ಯಾಬ್‌ನಲ್ಲಿ ಜಗಳ ಇನ್ನೂ ನಿಂತಿಲ್ಲ.

ಕ್ಲೋರಿನ್ ಅಜ್ಜ (ಠಾಣೆ)
ಹಿಂಜವಡಿಯವರೇ, 2022ರ ಆಗಸ್ಟ್‌ನಲ್ಲಿ ನಿಮ್ಮ ಪುಣೆಯಲ್ಲಿ ಕೆಪಿಐಟಿ ಕಂಪನಿ ಮತ್ತು ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನವರ ಹೈಡ್ರೋಜನ್ ಫ್ಯೂಯೆಲ್ ಸೆಲ್ ಬಸ್ಸು ತೋರಿಸಿದರಲ್ಲ. ಅಂಥ ಬಸ್ಸನ್ನು ದಿನಕ್ಕೆ ಎಷ್ಟೋ ಸಲ ನಿಲ್ಲಿಸಿ ಸ್ಟಾರ್ಟ್ ಮಾಡಬೇಕು. ಒಳಗಿನ ಕಾರ್ಬನ್ ಗತಿ ಏನು?

ಹಿಂಜವಡಿ ಹೈಡ್ರೋಜನ್
ಆ ಬಸ್ಸಿನ ಒಳಗುಟ್ಟು ನಾನು ಹೇಳುವವನಲ್ಲ, ಆದರೆ ಈ ಜಾತಿಯ ಫ್ಯೂಯೆಲ್ ಸೆಲ್‌ಗಳೆಲ್ಲದಕ್ಕೂ ಇರುವ ರೋಗವನ್ನು ಹೇಳುತ್ತೇನೆ. ಅಜ್ಜ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ, ಓಡುವಾಗ ಅಷ್ಟು ತೊಂದರೆಯಿಲ್ಲ, ನಿಲ್ಲಿಸಿ ಶುರು ಮಾಡುವಾಗಲೇ ಪೆಟ್ಟು.

ಗಾಡಿ ನಿಂತ ಮೇಲೆ ಹೈಡ್ರೋಜನ್ ಇರಬೇಕಾದ ಕಡೆಗೂ ಮೆಲ್ಲಗೆ ಗಾಳಿ ಸೇರುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಒಂದು ತುದಿಯಿಂದ ಹೈಡ್ರೋಜನ್ ನುಗ್ಗುತ್ತದೆ, ಇನ್ನೊಂದು ತುದಿಯಲ್ಲಿ ಗಾಳಿ ಇನ್ನೂ ಇದೆ. ಕೆಲವೇ ಕ್ಷಣ ಅರ್ಧ ಭಾಗ ಹೈಡ್ರೋಜನ್, ಅರ್ಧ ಭಾಗ ಗಾಳಿ. ಪ್ಲೇಟ್ ಒಂದೇ ಲೋಹದ ಅಥವಾ ಕಾರ್ಬನ್ನಿನ ಹಲಗೆ, ಹಾಗಾಗಿ ಎಲ್ಲ ಕಡೆ ವೋಲ್ಟೇಜ್ ಒಂದೇ ಇರಬೇಕು. ಹೈಡ್ರೋಜನ್ ಇರುವ ಅರ್ಧ ಮಾಮೂಲಿ ಸೆಲ್‌ನಂತೆ ಕೆಲಸ ಮಾಡಿ ಇನ್ನೊಂದು ಅರ್ಧವನ್ನು ಉಲ್ಟಾ ತಳ್ಳುತ್ತದೆ. ಗಾಳಿ ಇರುವ ಕಡೆ ಆನೋಡ್ ಮೇಲೆ ಆಮ್ಲಜನಕ ಪ್ರೋಟಾನ್ ಬೇಕು ಅನ್ನುತ್ತದೆ. ಕೊಡುವವರು ಯಾರು? ಎದುರುಗಡೆಯ ಕ್ಯಾಥೋಡ್. ಅಲ್ಲಿ ಹೈಡ್ರೋಜನ್ ಇಲ್ಲ, ನೀರು ಮತ್ತು ಇಂಗಾಲ ಮಾತ್ರ ಇದೆ. ಕ್ಯಾಥೋಡ್ ಪೊಟೆನ್ಶಿಯಲ್ ಅಲ್ಲಿ 1.4, 1.5 ವೋಲ್ಟ್‌ಗೆ ಜಿಗಿಯುತ್ತದೆ. ಮೇಲಾಗಿ ಪ್ಲಾಟಿನಮ್ ಕಣಗಳು ಆ ಇಂಗಾಲದ ಮೇಲೇ ಕೂತಿವೆ, ಸೆಲ್ 80 ಡಿಗ್ರಿಯ ಆಸುಪಾಸಿನಲ್ಲಿದೆ.

ಇಂಗಾಲ ಸುಟ್ಟಾಗ ಪ್ಲಾಟಿನಮ್‌ಗೆ ಕೂರಲು ಜಾಗ ಹೋಗುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಯಾಟಲಿಸ್ಟ್ ಪದರ ಕುಸಿದು ತೆಳುವಾಗುತ್ತದೆ. ಉಳಿದ ಇಂಗಾಲ ನೀರನ್ನು ಹಿಡಿದುಕೊಳ್ಳತೊಡಗುತ್ತದೆ, ರಂಧ್ರಗಳಲ್ಲಿ ನೀರು ನಿಂತು ಗಾಳಿ ಒಳಗೆ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಪವರ್ ಮಾತ್ರ ಇಳಿಯುತ್ತಾ ಹೋಗುತ್ತದೆ.

ಇದಕ್ಕೆ ಮದ್ದು: ಹೈಡ್ರೋಜನ್ನನ್ನು ತುಂಬಾ ಬೇಗ ನುಗ್ಗಿಸುವುದು, ಸ್ಟಾರ್ಟ್ ಹೊತ್ತಿಗೆ ಸಣ್ಣ ಲೋಡ್ ಹಾಕಿ ವೋಲ್ಟೇಜ್ ತಗ್ಗಿಸಿಡುವುದು, ಹೆಚ್ಚಿನ ತಾಪದಲ್ಲಿ ಗ್ರಾಫೈಟ್ ಮಾಡಿದ ಕಾರ್ಬನ್ ಬಳಸುವುದು. ಕೊನೆಯದರಲ್ಲಿ ಮೇಲ್ಮೈ ಕಡಿಮೆ, ಪ್ಲಾಟಿನಮ್ ಚೆನ್ನಾಗಿ ಹರಡುವುದಿಲ್ಲ. ಪುಕ್ಕಟೆ ಏನೂ ಸಿಗುವುದಿಲ್ಲ. ಟೆಸ್ಟ್ ಮಾಡುವವರು ಸಾಮಾನ್ಯವಾಗಿ ಅಮೆರಿಕದ ಇಂಧನ ಇಲಾಖೆಯ ವಿಧಾನ ಹಿಡಿಯುತ್ತಾರೆ. 1.0ರಿಂದ 1.5 ವೋಲ್ಟ್ ನಡುವೆ, ಸೆಕೆಂಡಿಗೆ 500 ಮಿಲಿವೋಲ್ಟ್ ವೇಗದಲ್ಲಿ 5000 ಸುತ್ತು.

ಅಂದ ಹಾಗೆ ಮುಂಬಯಿಯವರಿಗೆ ಇನ್ನೂ ಹತ್ತಿರದ ಉದಾಹರಣೆ ಅಂಬರನಾಥ್. ಅಲ್ಲಿನ ನೌಕಾ ವಸ್ತು ಸಂಶೋಧನಾ ಪ್ರಯೋಗಾಲಯದ್ದು ಫಾಸ್ಫರಿಕ್ ಆಸಿಡ್ ಫ್ಯೂಯೆಲ್ ಸೆಲ್, ಸಬ್‌ಮರೀನ್‌ಗಾಗಿ. 2021ರ ಮಾರ್ಚ್‌ನಲ್ಲಿ ನೆಲದ ಮೇಲಿನ ಮಾದರಿಯ ಪರೀಕ್ಷೆ ಆಯಿತು. ಈ ತರಹದ ಸೆಲ್‌ಗಳು 180ರಿಂದ 200 ಡಿಗ್ರಿ ಬಿಸಿ ಆಸಿಡ್‌ನಲ್ಲಿ ಓಡುತ್ತವೆ, ಅದಕ್ಕೇ ಸೆಲ್ ವೋಲ್ಟೇಜ್ 0.8 ದಾಟದಂತೆ ನೋಡಿಕೊಳ್ಳುವುದು ವಾಡಿಕೆ. ಲೋಡ್ ಇಲ್ಲದೆ ಸುಮ್ನೆ ಬಿಟ್ಟರೆ ಅದೇ ಇಂಗಾಲಕ್ಕೆ ವಿಷ.

ಪಾಷಾಣದ ಪೋರಿ
ಲೆನ್ಸ್‌ನಲ್ಲಿ ನೋಡಿದೆ. ಡಿಸ್ಕ್‌ನ ಒಂದು ಅಂಚಿನಲ್ಲಿ ಕೆಂಪು ಗೆರೆ ಇದೆ. ತಾಮ್ರವೇ ಇರಬೇಕು. ಗೈಡ್‌ಗೂ ತೋರಿಸಿದೆ, ಪ್ಲಾಟಿನಮ್ ತಪ್ಪಿಸಲು ಹೋಗಿ ತಾಮ್ರ ತಂದೆಯಾ ಅಂತ ನಕ್ಕರು. ಈಗ ಏನು ಹಾಕಲಿ? ಮುಂದಿನ ಭಾಗದಲ್ಲಿ ಇದೇ ಡಿಸ್ಕ್ ಮೇಲೆ ಆಮ್ಲಜನಕ ಬಿಡಿಸುವ ಟೆಸ್ಟ್ ಕೂಡ ಇದೆ.

ಪವಾಯಿ ಪಕ್ಕದವಳು
ಹೈಡ್ರೋಜನ್ ಭಾಗಕ್ಕೆ: ಹೆಚ್ಚು ಶುದ್ಧತೆಯ, ದಟ್ಟವಾದ ಗ್ರಾಫೈಟ್ ಕಡ್ಡಿ, ಸ್ವಲ್ಪ ದಪ್ಪದ್ದೇ ತಗೋ. ಮೇಲ್ಮೈ ದೊಡ್ಡದಾದಷ್ಟೂ ಅದೇ ಕರೆಂಟ್‌ಗೆ ಕೌಂಟರ್ ಪೊಟೆನ್ಶಿಯಲ್ ಕೆಳಗಿರುತ್ತದೆ. ಅದನ್ನು ಗ್ಲಾಸ್ ಫ್ರಿಟ್ (ಸಣ್ಣ ರಂಧ್ರಗಳ ಗಾಜಿನ ಬಿಲ್ಲೆ) ಇರುವ ಬೇರೆ ಕೊಳವೆಯೊಳಗೆ ಇಡು, ಹುಡಿ ಇತ್ತ ಬರದಿರಲಿ. ಕ್ಲಿಪ್ ಹಾಕುವ ತುದಿ ಆಸಿಡ್‌ನಿಂದ ಸಾಕಷ್ಟು ಮೇಲಿರಲಿ, ನಡುವೆ ಎಪಾಕ್ಸಿ ಹಚ್ಚು. ಸಲ್ಫ್ಯೂರಿಕ್ ಆಸಿಡ್‌ಗೆ ಮರ್ಕ್ಯುರಿ ಸಲ್ಫೇಟ್ ರೆಫರೆನ್ಸ್ ಸಿಕ್ಕರೆ ಇನ್ನೂ ಒಳ್ಳೆಯದು, ಕ್ಲೋರೈಡ್ ಸೋರುವ ಭಯ ಇರುವುದಿಲ್ಲ.

ಆಮ್ಲಜನಕದ ಟೆಸ್ಟ್ ಮಾತ್ರ ಗ್ಲಾಸಿ ಕಾರ್ಬನ್ ಮೇಲೆ ಮಾಡಬೇಡ. ಆಗ ಡಿಸ್ಕೇ ಆನೋಡ್. 1.5 ವೋಲ್ಟ್ ದಾಟಿದ ಮೇಲೆ ಬರುವ ಕರೆಂಟ್‌ನಲ್ಲಿ ಆಮ್ಲಜನಕದ್ದೆಷ್ಟು, ಸುಡುವ ಇಂಗಾಲದ್ದೆಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ, ಪುಡಿ ಕೂಡ ತಳ ಬಿಟ್ಟು ಉದುರುತ್ತದೆ. ಎಫ್‌ಟಿಓ ಗಾಜು (ಕರೆಂಟ್ ಹರಿಯುವ ಲೇಪನ ಇರುವ ಗಾಜು) ಅಥವಾ ಚಿನ್ನದ ಡಿಸ್ಕ್ ನೋಡು. ನಿನ್ನ ಮಾಲಿಬ್ಡಿನಮ್ ಸಲ್ಫೈಡ್ ಕೂಡ ಆ ಪೊಟೆನ್ಶಿಯಲ್‌ನಲ್ಲಿ ಆಸಿಡ್‌ಗೆ ಕರಗಿಹೋಗುತ್ತದೆ, ಹಾಗಾಗಿ ಆ ಭಾಗ ನಿಜಕ್ಕೂ ಬೇಕಾ ಅಂತ ಗೈಡ್ ಹತ್ತಿರ ಮೊದಲು ಮಾತಾಡು.